ಪದ-ಪರಿಚಯ: ಅಡ್ಮೈರ್

ಇಂಗ್ಲಿಷಿನ ‘ಅಡ್ಮೈರ್’ ಎಂಬ ಕ್ರಿಯಾಪದಕ್ಕೆ ‘ಮೆಚ್ಚು’ ಎಂದು ಅರ್ಥ ಹೇಳುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಇದರ ಮೂಲ ಲ್ಯಾಟಿನ್ನಿನ ‘ಮಿರಾರಿ’, ಅಂದರೆ ಬೆರಗಾಗು. ಪವಾಡವೆಂಬ ಅರ್ಥದ ‘ಮಿರಕಲ್’ ಶಬ್ದವೂ ಇದರ ಬಳಗದ್ದೇ. 1611ರಲ್ಲಿ ಇಂಗ್ಲೆಂಡಿನ ಅರಮನೆಯಲ್ಲಿ ಅಭಿನಯಗೊಂಡ ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದ ನಾಯಕಿ ಮಿರಾಂಡಳ ಹೆಸರಿಗೂ ಬೆರಗಿಗೆ ಪಾತ್ರಳಾದವಳು ಎಂದೇ ಅರ್ಥ. ಬೆರಗೆಂಬುದು ವಚನಗಳನ್ನು ಓದುವ ನಮಗೆ ಹೊಸ ಮಾತೇನೂ ಅಲ್ಲ.

ಬಳಕೆಯಲ್ಲಿ ಎರಡು ಸೂಕ್ಷ್ಮಗಳಿವೆ. ‘ಲೈಕ್’ ಎಂದರೆ ಇಷ್ಟಪಡುವುದು. ಅದಕ್ಕೆ ಕಾರಣ ಬೇಕೆಂದಿಲ್ಲ. ‘ಅಡ್ಮೈರ್’ ಎಂಬಲ್ಲಿ ಗೌರವವಿದೆ, ಗೌರವಕ್ಕೆ ಕಾರಣವಿದೆ. ಆ ಕಾರಣವನ್ನು ‘ಫಾರ್’ ಸೇರಿಸಿ ಹೇಳುತ್ತಾರೆ: ‘ಐ ಅಡ್ಮೈರ್ ಹರ್ ಫಾರ್ ಹರ್ ಪೇಷನ್ಸ್’, ಎಂದರೆ ಆಕೆಯ ತಾಳ್ಮೆಗಾಗಿ ಆಕೆಯನ್ನು ಮೆಚ್ಚುತ್ತೇನೆ. ಆದುದರಿಂದಲೇ ನಮಗೆ ಇಷ್ಟವಿಲ್ಲದವರನ್ನೂ, ನಮ್ಮನ್ನು ವಿರೋಧಿಸುವವರನ್ನೂ ‘ಅಡ್ಮೈರ್’ ಮಾಡಬಹುದು. ಇನ್ನೊಂದು, ಮನಸ್ಸಿನಲ್ಲಿ ನೆಲೆಸಿದ ಮೆಚ್ಚುಗೆಯನ್ನು ‘ಐ ಆಮ್ ಅಡ್ಮೈರಿಂಗ್ ಹರ್’ ಎನ್ನುವುದು ಸಲ್ಲದು. ಒಂದು ಚಿತ್ರದ ಮುಂದೆ ನಿಂತು ಅದರ ಸೊಬಗನ್ನು ಸವಿಯುತ್ತಿರುವಾಗ ಮಾತ್ರ ‘ಅಡ್ಮೈರಿಂಗ್’ ಒಪ್ಪುತ್ತದೆ.

ಬೆರಗಿಗೆ ದೊಡ್ಡ ಶತ್ರು ರೂಢಿ. ನಸುಕಿನಲ್ಲೆದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿಯುವ ತಾಯಿಯ ಕಾಯಕ ನಿತ್ಯದ್ದಾದುದರಿಂದಲೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ದೂರದವರ ಸಾಧನೆಯನ್ನು ಕೊಂಡಾಡುವ ನಾಲಗೆ ಮನೆಯವರ ವಿಷಯದಲ್ಲಿ ಮೌನ ತಾಳುತ್ತದೆ. ಬರಿಯ ಹೊಗಳಿಕೆ ಅವರಿಗೆ ಬೇಕಿಲ್ಲ. ಇಂಥದಕ್ಕಾಗಿ ನಿಮ್ಮನ್ನು ಮೆಚ್ಚಿದೆ ಎಂದು ಕಾರಣಸಹಿತ ನುಡಿದರೆ ಸಾಕು. ಈ ಪದವನ್ನು ಕಲಿಯುವ ಮಕ್ಕಳು ಅದರ ಮೊದಲ ಪ್ರಯೋಗವನ್ನು ಮನೆಯಲ್ಲಿಯೇ ಮಾಡಲಿ.