ಹೀರೋ ಬೆನ್ನ ಮೇಲಿನ ದೀಪ!

ಹೀರೋಗೆ ಪೆಟ್ಟು ಬಿತ್ತು ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಸಿನಿಮಾದಲ್ಲಾದರೆ ತುಟಿಯಂಚಿನ ರಕ್ತ! ವಿಡಿಯೋ ಗೇಮ್‌ನಲ್ಲಿ? ತೆರೆಯ ಮೂಲೆಯಲ್ಲೊಂದು ಪಟ್ಟಿ. ಪೆಟ್ಟು ಬಿದ್ದಂತೆಲ್ಲ ಅದು ಸವೆಯುತ್ತೆ. ಆ ಪಟ್ಟಿ, ನಕ್ಷೆ, ಗುಂಡಿನ ಲೆಕ್ಕ, ಮೆನು... ಇವಕ್ಕೆಲ್ಲ ‘ಯೂಸರ್ ಇಂಟರ್‌ಫೇಸ್’ ಅಂತಾರೆ. ಇದನ್ನೇ ಕಸುಬು ಮಾಡಿಕೊಂಡ ಕಲಾವಿದರಿದ್ದಾರೆ, ಸ್ಟುಡಿಯೋಗಳೂ ಇವೆ.

2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬಂದ ‘ಡೆಡ್ ಸ್ಪೇಸ್’ ನೋಡಿ. ಎದೆ ನಡುಗಿಸುವ ಆಟ! ಹೀರೋ ಐಸಾಕ್ ಕ್ಲಾರ್ಕ್ ಸಿಪಾಯಿಯಲ್ಲ, ಎಂಜಿನಿಯರ್. ಇಲ್ಲಿ ಮೂಲೆಯ ಪಟ್ಟಿಯೇ ಇಲ್ಲ. ಆಡುವಾಗ ನಮಗೆ ಸದಾ ಕಾಣೋದು ಅವನ ಬೆನ್ನು ತಾನೇ? ಅವನ ಉಡುಪಿನ ಬೆನ್ನುಮೂಳೆಯುದ್ದಕ್ಕೂ ದೀಪ ಇಟ್ಟರು! ಜೀವ ಇಳಿದಂತೆ ದೀಪವೂ ಇಳಿಯುತ್ತೆ, ಕೊನೆಗೆ ಕೆಂಪಾಗುತ್ತೆ. ಗುಂಡಿನ ಲೆಕ್ಕ ಆಯುಧದ ಮೇಲೆಯೇ. ಸಾಮಾನಿನ ಪಟ್ಟಿ ತೆರೆದರೂ ಆಟ ನಿಲ್ಲೋದಿಲ್ಲ. ನೀವು ಮದ್ದು ಹುಡುಕುತ್ತಿರಿ, ಅತ್ತ ರಾಕ್ಷಸ ಬರುತ್ತಲೇ ಇರ್ತಾನೆ! ಕಣ್ಣು ಹೀರೋನ ಬಿಟ್ಟು ಮೂಲೆಗೆ ಹೋದರೆ ಭಯ ಇಳಿದುಹೋಗುತ್ತೆ. ಗುಟ್ಟು ಇಷ್ಟೇ.

ನಾಲ್ಕು ರಾತ್ರಿ ನಿದ್ದೆಗೆಟ್ಟು ಆಡಿದೆ. ಆ ದೀಪ ಹಚ್ಚಿದವರು ಯಾರು ಅಂತ ಒಮ್ಮೆಯೂ ಕೇಳಲಿಲ್ಲ. ಕೊನೆಗೆ ಹೆಸರುಗಳು ಬರತೊಡಗಿದಾಗ ಟಿವಿ ಆರಿಸಿ ಮಲಗಿದೆ. ಥಿಯೇಟರಿನಲ್ಲೂ ಅಷ್ಟೇ ಅಲ್ವಾ? ‘ಶುಭಂ’ ಕಾಣೋ ಮುಂಚೆಯೇ ಕಾಲಲ್ಲಿ ಚಪ್ಪಲಿ ಹುಡುಕುವವರು ನಾವು!

ಪಿಯುಸಿ ಬಿಟ್ಟು ಪೆನ್ನು ಹಿಡಿದ ನಾನು ಇಷ್ಟು ವರ್ಷ ಬರೆದದ್ದೆಲ್ಲ ಹೀರೋನ ಮುಖದ ಬಗ್ಗೆ. ಅದರಿಂದಲೇ ನನ್ನ ಊಟ. ಈ ವಾರ ಬೆನ್ನಿನ ಬಗ್ಗೆ ಬರೆದೆ... ತಪ್ಪಾಯ್ತೇನ್ರೀ?