ತಂತಿ ಕಳ್ಳರು

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿ ನಿವೃತ್ತರಾದವರು. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದೆ ಕೂತು ಏನನ್ನೋ ಹುಡುಕುತ್ತಿದ್ದಾಗ ಸ್ಕ್ರೀನ್ ಇದ್ದಕ್ಕಿದ್ದಂತೆ ನೀಲಿಯಾಯಿತು. ಸೈರನ್ ಕೂಗತೊಡಗಿತು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ಆಫ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ’ ಎಂದು ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಹೇಳಿತು. ಮೌಸ್ ಎಷ್ಟು ಆಡಿಸಿದರೂ ಪುಟ ಮುಚ್ಚಲಿಲ್ಲ. ಮೇಷ್ಟ್ರು ಕರೆ ಮಾಡಿದರು.

ಆ ಕಡೆ ಸಿಕ್ಕವನು ಬಲು ವಿನಯದ ಹುಡುಗ. ಮೈಕ್ರೋಸಾಫ್ಟಿನವನು ಎಂದು ಹೇಳಿಕೊಂಡ. ಮಾತಿಗೊಮ್ಮೆ ‘ಸರ್’ ಎನ್ನುತ್ತಿದ್ದ. ಅವನು ಹೇಳಿದಂತೆ ಮೇಷ್ಟ್ರು ಒಂದು ಆ್ಯಪ್ ಇಳಿಸಿಕೊಂಡು, ಅದರಲ್ಲಿ ಮೂಡಿದ ಅಂಕಿಗಳನ್ನು ಓದಿ ಹೇಳಿದರು. ಮರುಕ್ಷಣ ಮೌಸಿನ ಬಾಣ ತಾನಾಗಿ ಓಡಾಡತೊಡಗಿತು. ಅವನು ಮೊದಲು ಒಂದು ಪಟ್ಟಿ ತೆರೆದು ತೋರಿಸಿದ. ಅದರ ತುಂಬ ಕೆಂಪು ಗುರುತು, ಹಳದಿ ತ್ರಿಕೋನ. ಎಲ್ಲವೂ ವೈರಸ್ಸಿನ ಕೆಲಸ ಎಂದ. ಮೇಷ್ಟ್ರಿಗೆ ಇನ್ನೂ ಅನುಮಾನ ಉಳಿದಿತ್ತು. ಅದನ್ನು ಅವನೇ ಗುರುತಿಸಿ, “ನಂಬಿಕೆ ಬರಲಿಲ್ಲ ಅಂದರೆ ಪರೀಕ್ಷೆ ಮಾಡಿ ಸರ್. ನಿಮ್ಮ ಕಂಪ್ಯೂಟರಿನ ಗುಪ್ತ ನಂಬರ್ ನಮ್ಮ ಹತ್ತಿರ ಇದೆ. ನಾನು ಓದುತ್ತೇನೆ, ನೀವು ತಾಳೆ ನೋಡಿ” ಎಂದ. ಒಂದು ಕಪ್ಪು ಕಿಟಕಿ ತೆರೆದು ಐದಕ್ಷರದ ಆಜ್ಞೆ ಕೊಟ್ಟ. ಸಾಲು ಸಾಲು ಅಕ್ಷರ ಓಡಿ, ಕೊನೆಯಲ್ಲಿ 888ಡಿಸಿಎ60 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ನಿಂತಿತು. ಅವನು ಓದಿದ್ದಕ್ಕೂ ಅಲ್ಲಿದ್ದದ್ದಕ್ಕೂ ಒಂದಕ್ಷರ ವ್ಯತ್ಯಾಸವಿರಲಿಲ್ಲ.

“ಮೂವತ್ತೆರಡು ಸ್ಥಾನ ಇದೆ ಅದರಲ್ಲಿ. ಸುಮ್ಮನೆ ಊಹೆ ಮಾಡಿ ಹೇಳೋಕೆ ಸಾಧ್ಯವೇ ಇಲ್ಲ. ಅಲ್ಲಿಗೆ ನಂಬಿಬಿಟ್ಟೆ” ಎಂದು ಮೇಷ್ಟ್ರು ಆಮೇಲೆ ನನ್ನ ಹತ್ತಿರ ಹೇಳಿದರು.

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವರಿಗೆ ಗೊತ್ತಿರದೇ ಇದ್ದದ್ದು ಒಂದೇ: ಆ ಸಂಖ್ಯೆ ಅವರ ಕಂಪ್ಯೂಟರಿನದಲ್ಲ. ಜಿಪ್ ಕಡತಗಳ ಕೆಲಸ ಮಾಡುವ ವಿಂಡೋಸಿನ ಒಂದು ಪುಟ್ಟ ಭಾಗಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಗುರುತು ಅದು. ಬೀದರಿನ ಸೈಬರ್ ಸೆಂಟರಿನಲ್ಲೂ ಬೋಸ್ಟನ್ನಿನ ಆಸ್ಪತ್ರೆಯಲ್ಲೂ ವಿಂಡೋಸ್ ಇದ್ದ ಕಡೆಯಲ್ಲೆಲ್ಲ ಅದೇ ಇರುತ್ತದೆ. ಕೆಂಪು ಗುರುತುಗಳ ಪಟ್ಟಿಯೂ ಹಾಗೆಯೇ. ಅದರ ಹೆಸರು ಈವೆಂಟ್ ವ್ಯೂವರ್. ಪ್ರಿಂಟರ್ ಒಂದು ಕ್ಷಣ ಸಿಗದಿದ್ದರೂ, ಯಾವುದೋ ಸೇವೆ ತಡವಾಗಿ ಎದ್ದರೂ ವಿಂಡೋಸ್ ಅಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಅಂಥ ನೂರಾರು ಗುರುತುಗಳಿರುತ್ತವೆ. ನೀಲಿ ಸ್ಕ್ರೀನು, ಸೈರನ್ನು ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು ಪುಟ ಮುಚ್ಚಿದ್ದರೆ ಅಥವಾ ಟಾಸ್ಕ್ ಮ್ಯಾನೇಜರಿಗೆ ಹೋಗಿ ಬ್ರೌಸರನ್ನು ನಿಲ್ಲಿಸಿದ್ದರೆ ತೊಲಗುತ್ತಿತ್ತು. ಅದೂ ತಿಳಿಯದವರು ಪವರ್ ಬಟನ್ ಒತ್ತಿ ಆಫ್ ಮಾಡಿದ್ದರೂ ಸಾಕಾಗುತ್ತಿತ್ತು. ‘ಆಫ್ ಮಾಡಬೇಡಿ’ ಎಂದು ಆ ದನಿ ಅಷ್ಟೊಂದು ಒತ್ತಿ ಹೇಳಿದ್ದು ಇದಕ್ಕೇ.

ಮೇಷ್ಟ್ರು ಕಳೆದುಕೊಂಡದ್ದು 62,000 ರೂಪಾಯಿ. ‘ಸೆಕ್ಯುರಿಟಿ’ ಹಾಕಿಸಲು ಸಣ್ಣ ಮೊತ್ತ ಕಟ್ಟಿ ಎಂದು ನೆಟ್ ಬ್ಯಾಂಕಿಂಗ್ ತೆರೆಸಿದ ಹುಡುಗ, ಅವರು ಒತ್ತಿದ್ದನ್ನೆಲ್ಲ ಆ ಕಡೆಯಿಂದ ನೋಡುತ್ತ ಕೂತಿದ್ದ.

ಈ ಕಥೆ ಕೇಳಿದ ದಿನದಿಂದ ನನ್ನ ತಲೆಯಲ್ಲಿ ಒಂದು ಹಳೆಯ ಹೆಸರು ಸುತ್ತುತ್ತಿದೆ. ಮದ್ರಾಸಿನಲ್ಲಿದ್ದ ರಿಚರ್ಡ್ ಶೆರ್ವುಡ್ ಎಂಬ ಬ್ರಿಟಿಷ್ ವೈದ್ಯ 1816ರಲ್ಲಿ ದಕ್ಷಿಣದ ದಾರಿಗಳ್ಳರ ಬಗ್ಗೆ ಒಂದು ಲೇಖನ ಬರೆದ. 1820ರಲ್ಲಿ ಅದು ‘ಏಷ್ಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ ಮರುಮುದ್ರಣವಾಯಿತು. ಉತ್ತರದಲ್ಲಿ ಠಗ್ಗರು ಎನಿಸಿಕೊಂಡವರನ್ನು ಈ ಕಡೆ ಫಾಂಸಿಗಾರರು ಎನ್ನುತ್ತಿದ್ದರು. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿಯೇ ಬೆಂಗಳೂರಿನ ಸುತ್ತಮುತ್ತ ಅವರಲ್ಲಿ ಸುಮಾರು ನೂರು ಜನ ಸಿಕ್ಕಿಬಿದ್ದಿದ್ದರು. ಒಂದೊಂದು ಭಾಷೆಯಲ್ಲಿ ಅವರಿಗಿದ್ದ ಹೆಸರನ್ನು ಕೊಡುತ್ತ ಶೆರ್ವುಡ್, ಕನ್ನಡದವರು ಅವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆ ಎಂದು ದಾಖಲಿಸಿದ್ದಾನೆ. ತಂತಿಯ ಕುಣಿಕೆಯಿಂದ ಕೊರಳು ಬಿಗಿಯುವವರು ಎಂದು ಅರ್ಥ. ಇನ್ನೂರು ವರ್ಷ ಕಳೆದು ನಮ್ಮ ಮನೆಗೆ ಬರುವ ಕಳ್ಳ ಇನ್ನೊಂದು ಬಗೆಯ ತಂತಿ ಹಿಡಿದು ಬಂದಿದ್ದಾನೆ.

ಠಗ್ಗರ ಬಗ್ಗೆ ಬ್ರಿಟಿಷರು ಬರೆದದ್ದರಲ್ಲಿ ಉತ್ಪ್ರೇಕ್ಷೆ ಬಹಳವಿದೆ ಎಂದು ಈಚಿನ ಇತಿಹಾಸಕಾರರು ವಾದಿಸುತ್ತಾರೆ. ಆ ವಾದದಲ್ಲಿ ತಿರುಳಿದೆ. ಆದರೆ ಶೆರ್ವುಡ್ ವಿವರಿಸುವ ಕ್ರಮ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಫಾಂಸಿಗಾರರು ಪೊದೆಯಲ್ಲಿ ಅಡಗಿ ಮೇಲೆ ಬೀಳುವವರಲ್ಲ. ದಾರಿಹೋಕರ ವೇಷದಲ್ಲಿ ಬಂದು ದಾರಿಹೋಕರ ಜೊತೆಗೂಡುವವರು. ಮಾತಾಡುತ್ತ ನಡೆದು, ವಿಶ್ವಾಸ ಗಳಿಸಿಕೊಂಡು, ನಿರ್ಜನ ಜಾಗ ಬರುವವರೆಗೂ ಕಾಯುವವರು. ದಾರಿಯಲ್ಲಿ ಕಳ್ಳರ ಭಯ ಇದ್ದದ್ದರಿಂದಲೇ ಪ್ರಯಾಣಿಕ ಜೊತೆ ಹುಡುಕುತ್ತಿದ್ದ, ಜೊತೆಯಾಗಿ ಬಂದವನೇ ಕಳ್ಳನಾಗಿರುತ್ತಿದ್ದ. ನೀಲಿ ಸ್ಕ್ರೀನಿನ ಹೂಟವೂ ಇದೇ ಅಲ್ಲವೇ? ವೈರಸ್ಸಿನ ಭಯ ಹುಟ್ಟಿಸುವವನೂ ಅವನೇ, ಕಾಪಾಡಲು ಬರುವವನೂ ಅವನೇ. ನಿರ್ಜನ ಜಾಗವನ್ನು ಮಾತ್ರ ಅವನು ಕಾಯುವುದಿಲ್ಲ, ನಮ್ಮ ಮನೆಯ ನಡುವೆಯೇ ಮಾಡಿಕೊಳ್ಳುತ್ತಾನೆ. ‘ಫೋನ್ ಇಡಬೇಡಿ, ಲೈನಿನಲ್ಲೇ ಇರಿ, ಯಾರಿಗೂ ಹೇಳಬೇಡಿ’ ಎನ್ನುವುದು ಅದಕ್ಕೆ. ಅಂದು ಮೇಷ್ಟ್ರ ಮನೆಯವರು ಅಡುಗೆಮನೆಯಲ್ಲಿದ್ದರು. ನಡುವೆ ಇದ್ದದ್ದು ಒಂದೇ ಗೋಡೆ. ಎರಡು ಗಂಟೆ ಹೊತ್ತು ಮೇಷ್ಟ್ರು ಅವರನ್ನು ಕೂಗಲಿಲ್ಲ.

ಮೋಸ ಹೋದವರನ್ನು ದಡ್ಡರೆನ್ನುವವರ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. 2021ರಲ್ಲಿ ಮೈಕ್ರೋಸಾಫ್ಟ್ 16 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಭಾರತದ ನೂರಕ್ಕೆ 69 ಜನ ಇಂಥ ಮೋಸದ ಯತ್ನವನ್ನು ಹಿಂದಿನ ಒಂದು ವರ್ಷದಲ್ಲಿ ಎದುರಿಸಿದ್ದಾಗಿ ಹೇಳಿದರು. ನೂರಕ್ಕೆ 31 ಜನ ಹಣ ಕಳೆದುಕೊಂಡಿದ್ದರು. ಅವರಲ್ಲಿ ಕಂಪ್ಯೂಟರ್ ಜೊತೆಗೇ ಬೆಳೆದ ಪ್ರಾಯದವರೂ ಬಹಳ ಇದ್ದರು. ಪಂಚತಂತ್ರದಲ್ಲಿ ಆಡು ಹೊತ್ತು ಹೊರಟ ಬ್ರಾಹ್ಮಣನ ಕಥೆ ನಾವೆಲ್ಲ ಕೇಳಿದ್ದೇವೆ. ಮೂವರು ಧೂರ್ತರು ಒಬ್ಬರಾದಮೇಲೊಬ್ಬರು ಎದುರಾಗಿ, ಹೆಗಲ ಮೇಲಿರುವುದು ನಾಯಿ ಎಂದು ನಂಬಿಸುತ್ತಾರೆ. ಚಿಕ್ಕವರಿದ್ದಾಗ ಅವನನ್ನು ನೋಡಿ ನಗುತ್ತಿದ್ದೆವು. ಈಗ ನನಗೆ ಆ ದಾರಿ ಕಾಣುತ್ತದೆ. ಅದರಲ್ಲಿ ಬ್ರಾಹ್ಮಣನಿಗೆ ಎದುರಾದವರು ಆ ಮೂವರೇ. ನಾಲ್ಕನೆಯ ಒಬ್ಬ ಬಂದು ‘ಒಳ್ಳೆಯ ಆಡು ಸ್ವಾಮಿ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಈ ದಂಧೆಯಲ್ಲಿ ನಮ್ಮವರ ಪಾಲು ದೊಡ್ಡದು ಎಂಬುದನ್ನು ನಾನು ನೋವಿನಿಂದಲೇ ಬರೆಯಬೇಕಾಗಿದೆ. ಅಮೆರಿಕದ ಎಫ್‌ಬಿಐ ಲೆಕ್ಕದಂತೆ ಟೆಕ್ ಸಪೋರ್ಟ್ ಹೆಸರಿನ ಮೋಸದಲ್ಲಿ ಅಲ್ಲಿಯ ದೂರುದಾರರು 2023ರಲ್ಲಿ ಸುಮಾರು 92 ಕೋಟಿ ಡಾಲರ್, 2024ರಲ್ಲಿ ಸುಮಾರು 146 ಕೋಟಿ ಡಾಲರ್ ಕಳೆದುಕೊಂಡರು. ಆ ನಷ್ಟದಲ್ಲಿ ಅರವತ್ತು ದಾಟಿದವರ ಪಾಲೇ ಹೆಚ್ಚು. ಆ ಕರೆಗಳ ಜಾಡು ಹಿಡಿದು ಹೋದರೆ ಎಷ್ಟೋ ಸಲ ಅದು ಭಾರತಕ್ಕೆ ಬಂದು ಮುಟ್ಟುತ್ತದೆ. 2018ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ದೆಹಲಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಪೊಲೀಸರು ಇಂಥ 26 ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದರು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ–2’ ಎಂಬ ಹೆಸರಿನಲ್ಲಿ 76 ಕಡೆ ಶೋಧಿಸಿತು. ಇಂಥ ಕಾಲ್ ಸೆಂಟರುಗಳ ಕುರ್ಚಿಗಳಲ್ಲಿ ಕೂತವರಲ್ಲಿ ಎಷ್ಟೋ ಜನ ಕಾಲೇಜು ಮುಗಿಸಿ, ಇಂಗ್ಲಿಷ್ ತಿದ್ದಿಕೊಂಡು, ಕೆಲಸ ಸಿಗದೆ ಅಲೆದ ಹುಡುಗ ಹುಡುಗಿಯರು. ನಮ್ಮ ಮೇಷ್ಟ್ರಿಗೆ ‘ಸರ್’ ಎಂದವನು ಯಾವುದೋ ಮೇಷ್ಟ್ರ ಕೈಯಲ್ಲಿ ಕಲಿತವನೇ ಇರಬೇಕು.

ಫೋನಿನಲ್ಲಿ ಈ ಮೋಸ ಬೇರೆ ರೂಪ ತಾಳುತ್ತದೆ. ವಾಷಿಂಗ್ ಮಷಿನ್ ಕೆಟ್ಟಿತೆಂದು ಗೂಗಲ್ಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತೇವೆ. ಮೇಲೆ ಕಾಣುವ ನಂಬರ್ ಕಳ್ಳನದೇ ಆಗಿರಬಹುದು. ಇಲ್ಲೂ ಅವನು ನಮಗೆ ಕರೆ ಮಾಡುವುದಿಲ್ಲ, ನಾವೇ ಮಾಡುತ್ತೇವೆ. ಹಾಗಾಗಿ ಅನುಮಾನವೇ ಹುಟ್ಟುವುದಿಲ್ಲ. ಅವನು ಇಳಿಸಿಕೊಳ್ಳಿ ಎನ್ನುವ ಎನಿಡೆಸ್ಕ್, ಟೀಮ್‌ವ್ಯೂವರ್ ಇನ್ನೊಬ್ಬರ ಸ್ಕ್ರೀನನ್ನು ದೂರದಿಂದ ನೋಡಿ ನಡೆಸುವ ನ್ಯಾಯವಾದ ಆ್ಯಪ್‌ಗಳೇ. ಕಚೇರಿಗಳಲ್ಲಿ ದಿನವೂ ಬಳಸುತ್ತಾರೆ. ಆದರೆ ಅವುಗಳ ಅಂಕಿಗಳನ್ನು ಅಪರಿಚಿತನಿಗೆ ಹೇಳುವುದೂ ಮನೆಯ ಬೀಗದ ಕೈ ಕೊಡುವುದೂ ಒಂದೇ. ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲಿಯೇ ಎನಿಡೆಸ್ಕ್ ದುರುಪಯೋಗದ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಬಿಲ್ಲಿನ ಮೇಲೆ, ವಾರಂಟಿ ಕಾರ್ಡಿನ ಮೇಲೆ, ಬ್ಯಾಂಕಾದರೆ ಎಟಿಎಂ ಕಾರ್ಡಿನ ಹಿಂದೆ ಅಚ್ಚಾದ ನಂಬರ್ ಇರುತ್ತದೆ. ಅದನ್ನು ಹುಡುಕಿ ತೆಗೆಯುವ ಐದು ನಿಮಿಷ ಬೆಲೆಬಾಳುವಂಥದು. ಯುಪಿಐ ಪಿನ್ ಹಣ ಕೊಡುವುದಕ್ಕೆ ಬೇಕು, ಪಡೆಯುವುದಕ್ಕೆ ಎಂದೂ ಬೇಕಾಗುವುದಿಲ್ಲ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

ಮೇಷ್ಟ್ರ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರವಾದದ್ದು ಕಳೆದ ಹಣಕ್ಕಲ್ಲ, ಆಮೇಲಿನ ಎರಡು ದಿನಗಳಿಗೆ. ಆ ಎರಡು ದಿನ ಅವರು ಯಾರಿಗೂ ಹೇಳಲಿಲ್ಲ. ಊಟ ಸೇರಲಿಲ್ಲ. ಹೈದರಾಬಾದಿನಲ್ಲಿರುವ ಮಗಳು ಫೋನ್ ಮಾಡಿದರೆ ನಿದ್ದೆ ಎಂದು ಹೇಳಿಸಿದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದ್ದರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವುದರೊಳಗೆ ತಡೆಹಿಡಿಯುವ ಅವಕಾಶವಿತ್ತು. ಆ ಸಹಾಯವಾಣಿ ಇರುವುದೇ ಅದಕ್ಕೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯೂ ಹೊತ್ತಿನ ಮಾತನ್ನೇ ಆಡಿತ್ತು. ಗ್ರಾಹಕರು ತಾವೇ ಪಾಸ್‌ವರ್ಡ್, ಪಿನ್ ಕೊಟ್ಟು ಆದ ನಷ್ಟ, ಬ್ಯಾಂಕಿಗೆ ತಿಳಿಸುವವರೆಗೂ ಅವರದೇ ಎಂದಿತ್ತು. ತಿಳಿಸಿದ ಮೇಲೂ ಹಣ ಹೋದರೆ ಅದರ ಹೊಣೆ ಬ್ಯಾಂಕಿನದು ಎಂದಿತ್ತು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ ಒಂದೊಂದು ಗಂಟೆಯೂ ಕಳ್ಳನ ಲೆಕ್ಕಕ್ಕೆ ಜಮಾ ಆಗುತ್ತದೆ. ಇಂಟರ್ನೆಟ್ ಕಡಿಯುವುದು, ಆ ಆ್ಯಪ್ ತೆಗೆದುಹಾಕುವುದು, ಬೇರೊಂದು ಫೋನಿನಿಂದ ಪಾಸ್‌ವರ್ಡ್ ಬದಲಿಸುವುದು, ಇವೆಲ್ಲ ಮಾಡಲೇಬೇಕಾದ ಕೆಲಸಗಳು. ಮೇಷ್ಟ್ರಿಗೂ ಆಮೇಲೆ ಮಾಡಿಕೊಟ್ಟೆವು. ಆದರೆ ಮೊದಲ ಕೆಲಸ ಬಾಯಿಬಿಟ್ಟು ಹೇಳುವುದು. ಮನೆಯಲ್ಲಿ ಬಯ್ಯುವವರಿದ್ದರೆ ಯಾರೂ ಹೇಳುವುದಿಲ್ಲ. ಅಪ್ಪ ಅಮ್ಮ ಫೋನ್ ಹಿಡಿದು ಏನೋ ಕೇಳಲು ಬಂದಾಗ ನಾವು ಸಿಡುಕಿದ ದಿನಗಳು ನನಗೂ ನೆನಪಿವೆ. ನಮ್ಮಲ್ಲಿ ಸಿಗದ ತಾಳ್ಮೆ ಅವರಿಗೆ ಆ ವಿನಯದ ಹುಡುಗನಲ್ಲಿ ಸಿಗುತ್ತದೆ.

ಮೂರನೆಯ ದಿನ ಮೇಷ್ಟ್ರು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಚೀಟಿ ಇತ್ತು. ಆ ಮೂವತ್ತೆರಡು ಸ್ಥಾನಗಳನ್ನು ಅವರು ಆವತ್ತೇ ಬರೆದಿಟ್ಟುಕೊಂಡಿದ್ದರು. ನಾನು ನನ್ನ ಲ್ಯಾಪ್‌ಟಾಪ್ ತೆರೆದು ಅದೇ ಆಜ್ಞೆ ಕೊಟ್ಟೆ. ಅದೇ ಸಂಖ್ಯೆ ಬಂತು. ಅವರು ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನೂ ಸ್ಕ್ರೀನನ್ನೂ ಎರಡು ಸಲ ತಾಳೆ ನೋಡಿದರು. ಬಹಳ ಹೊತ್ತು ಸುಮ್ಮನೆ ಕೂತರು. “ಇನ್ನೊಂದು ಮಷಿನ್ ನೋಡಿದ್ದರೆ ಆಗಿಬಿಡ್ತಿತ್ತು ಕಣಯ್ಯಾ” ಎಂದರು.

ಈಗ ಸಂಜೆ ಪಾರ್ಕಿನಲ್ಲಿ ಸೇರುವ ಹಿರಿಯರ ಮನೆಗಳಿಗೆ ಅವರು ಒಂದೊಂದಾಗಿ ಹೋಗುತ್ತಿದ್ದಾರೆ. ಕಂಪ್ಯೂಟರ್ ಹಾಕಿಸುತ್ತಾರೆ, ಚೀಟಿಯನ್ನು ಮನೆಯವರ ಕೈಗೇ ಕೊಟ್ಟು ಗಟ್ಟಿಯಾಗಿ ಓದಿ ಎನ್ನುತ್ತಾರೆ, ತಾವು ಸ್ಕ್ರೀನ್ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ಹೋದ ವಾರಕ್ಕೆ ಹನ್ನೊಂದು ಮನೆ ಆಗಿದೆ.