ಮೇಜಿನ ಮೇಲೆ ಉಳಿಯುವ ಕಾಣದ ಔಷಧ

ಸುಶ್ರುತ ಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯವು ಅರಮನೆಯ ಅಡುಗೆಮನೆಯನ್ನು ಕುರಿತದ್ದು. ರಾಜನ ಅನ್ನಪಾನಗಳಲ್ಲಿ ಮಾತ್ರವಲ್ಲ, ಅವನ ಹಾಸಿಗೆ, ವಸ್ತ್ರ, ಪಾದುಕೆ, ಆಭರಣಗಳ ಮೇಲೂ ವಿಷ ಲೇಪಿತವಾಗಿರಬಹುದೆಂದು ಆಚಾರ್ಯರು ಅಲ್ಲಿ ಎಚ್ಚರಿಸುತ್ತಾರೆ. ಪರೀಕ್ಷಾಕ್ರಮವನ್ನೂ ಹೇಳುತ್ತಾರೆ: ವಿಷಾನ್ನವನ್ನು ಬೆಂಕಿಗೆ ಹಾಕಿದರೆ ಚಟಚಟ ಸದ್ದಾಗಿ ನವಿಲಿನ ಕೊರಳ ಬಣ್ಣದ ಜ್ವಾಲೆ ಏಳುತ್ತದೆ; ಚಕೋರ ಪಕ್ಷಿಯ ಕಣ್ಣಿನ ಬಣ್ಣ ಕೆಡುತ್ತದೆ. ಈ ಲಕ್ಷಣಗಳನ್ನು ನಂಬಿ ಇಂದು ಯಾರೂ ಊಟಕ್ಕೆ ಕೂಡಬೇಕಾಗಿಲ್ಲ. ಆದರೆ ಅವುಗಳ ಹಿಂದಿನ ವಿಚಾರ ಇಂದಿಗೂ ಸಲ್ಲುತ್ತದೆ. ಕಣ್ಣಿಗೆ ಕಾಣದ ಅಪಾಯವನ್ನು ಅದು ಇರುವ ಸ್ಥಳದಲ್ಲಿಯೇ, ಕೈ ಮುಟ್ಟುವ ಮೊದಲೇ ಪತ್ತೆಮಾಡಬೇಕು ಎಂಬುದೇ ಆ ವಿಚಾರ.

ಈ ಸಲ ಅದನ್ನು ನೆನೆಯಲು ಕಾರಣವಾದದ್ದು ಶತ್ರು ಇಟ್ಟ ವಿಷವಲ್ಲ, ವೈದ್ಯರು ಕೊಡುವ ಔಷಧ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕ್ಯಾನ್ಸರ್ ರೋಗಿಗಳು ಬಹುಕಾಲದಿಂದ ಹುಬ್ಬಳ್ಳಿಯ ನವನಗರಕ್ಕೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಅಲೆಯುತ್ತ ಬಂದವರು. 2025ರ ಕೇಂದ್ರ ಬಜೆಟ್ಟಿನಲ್ಲಿ, ಮೂರು ವರ್ಷಗಳೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವುದಾಗಿ ಘೋಷಿಸಲಾಯಿತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರವೂ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಕಿಮೋಥೆರಪಿ ಆರಂಭಿಸಿತು. ಬೆಳಿಗ್ಗೆ ಹೋಗಿ, ಸಲಾಯಿನ್ ಮೂಲಕ ಔಷಧ ಏರಿಸಿಕೊಂಡು, ಸಂಜೆ ಮನೆ ಸೇರುವುದು. ರೋಗಿಗೆ ಇದಕ್ಕಿಂತ ಉಪಕಾರ ಬೇರಿಲ್ಲ. ಆದರೆ ಔಷಧ ಊರಿಗೆ ಬಂದಂತೆ ಅದನ್ನು ಮುಟ್ಟುವ ಕೈಗಳೂ ಹೆಚ್ಚುತ್ತವೆ. ಆ ಕೈಗಳ ಬಗ್ಗೆ ಮಾತನಾಡುವವರು ಕಡಿಮೆ.

ಈ ಔಷಧಗಳ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಸೈಕ್ಲೋಫಾಸ್ಫಮೈಡ್ ಎಂಬುದು ಮೊದಲ ಮಹಾಯುದ್ಧದಲ್ಲಿ ಬಳಸಿದ ಸಾಸಿವೆ ಅನಿಲದ ವಂಶಕ್ಕೆ ಸೇರಿದ್ದು. ಬೆಳೆಯುವ ಜೀವಕೋಶವನ್ನು ಕೊಲ್ಲುವುದೇ ಅದರ ಕೆಲಸ. ಅದು ಕ್ಯಾನ್ಸರಿನ ಕೋಶವೋ ಆರೋಗ್ಯವಂತರ ಕೋಶವೋ ಎಂದು ಪೂರ್ತಿಯಾಗಿ ಬೇರ್ಪಡಿಸಲಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ರೋಗಿಗೆ ಲಾಭವು ಹಾನಿಗಿಂತ ದೊಡ್ಡದಾದ್ದರಿಂದ ಕೊಡುತ್ತೇವೆ. ಕೊಡುವ ನರ್ಸಿಗೆ, ನೆಲ ಒರೆಸುವ ಆಯಾಗೆ ಲಾಭವೇನೂ ಇಲ್ಲ. 1979ರಲ್ಲಿ ಫಿನ್ಲೆಂಡಿನ ಸಂಶೋಧಕರು ಇಂಥ ಔಷಧ ಸಿದ್ಧಪಡಿಸುವ ನರ್ಸ್‌ಗಳ ಮೂತ್ರದಲ್ಲಿ ವಂಶವಾಹಿಗಳನ್ನು ಕೆಡಿಸುವ ಗುಣವನ್ನು ಕಂಡರು. 1985ರಲ್ಲಿ ಅದೇ ದೇಶದ ಮತ್ತೊಂದು ಅಧ್ಯಯನವು ಗರ್ಭದ ಆರಂಭದಲ್ಲಿ ಈ ಔಷಧಗಳನ್ನು ನಿರ್ವಹಿಸಿದ ನರ್ಸ್‌ಗಳಲ್ಲಿ ಗರ್ಭನಷ್ಟ ಹೆಚ್ಚೆಂದು ತೋರಿಸಿತು. ಯಾರೂ ಚೆಲ್ಲಾಡದಿದ್ದರೂ ಔಷಧ ಹೊರಬೀಳುತ್ತದೆ. ಸೀಸೆಯಿಂದ ಸೂಜಿ ಎಳೆಯುವಾಗ ಒಳಗಿನ ಒತ್ತಡಕ್ಕೆ ಸೂಕ್ಷ್ಮ ತುಂತುರು ಹಾರುತ್ತದೆ. ಕಾರ್ಖಾನೆಯಿಂದ ಬಂದ ಹೊಸ ಸೀಸೆಯ ಹೊರಮೈಗೇ ಕೆಲವೊಮ್ಮೆ ಔಷಧ ಅಂಟಿರುತ್ತದೆ. ಡಾಕ್ಸೊರುಬಿಸಿನ್ ಕೆಂಪು ಬಣ್ಣದ್ದಾದ್ದರಿಂದ ಚೆಲ್ಲಿದರೆ ಕಾಣುತ್ತದೆ. ಉಳಿದ ಬಹುಪಾಲು ಔಷಧಗಳು ನೀರಿನಂತೆ. ಒಣಗಿದರೆ ಏನೂ ಕಾಣದು. ಮೇಜು, ಕುರ್ಚಿಯ ಕೈ, ಬಾಗಿಲ ಚಿಲಕ, ಫೋನು, ಶೌಚಾಲಯದ ನೆಲ, ಎಲ್ಲಿ ಬೇಕಾದರೂ ಉಳಿದಿರಬಹುದು.

ಇದನ್ನು ಪತ್ತೆಹಚ್ಚಲು ಮೊದಲು ಒಂದೇ ದಾರಿಯಿತ್ತು. ಮೇಜನ್ನು ಒರೆಸಿದ ಬಟ್ಟೆಯ ತುಂಡನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿ ದಿನಗಟ್ಟಲೆ, ವಾರಗಟ್ಟಲೆ ಕಾಯುವುದು. ವರದಿ ಬರುವಷ್ಟರಲ್ಲಿ ಆ ಮೇಜನ್ನು ಎಷ್ಟು ಜನ ಮುಟ್ಟಿರುತ್ತಾರೋ! ಈಗ ಸ್ಥಳದಲ್ಲಿಯೇ ನೋಡುವ ಸಾಧನಗಳು ಬಂದಿವೆ. ಕೋವಿಡ್ ಕಾಲದಲ್ಲಿ ಮೂಗಿನ ದ್ರವ ಹಾಕಿ ಗೆರೆ ನೋಡುತ್ತಿದ್ದ ಪಟ್ಟಿಯನ್ನು ನೀವೆಲ್ಲ ಬಲ್ಲಿರಿ. ಇದೂ ಅದೇ ಜಾತಿಯದು. ಸುಮಾರು ಒಂದು ಚದರ ಅಡಿ ಜಾಗವನ್ನು ಒದ್ದೆ ಮಾಡಿದ ಕಡ್ಡಿಯಿಂದ ಒರೆಸಿ, ಆ ದ್ರವದ ಕೆಲವು ಹನಿಗಳನ್ನು ಪಟ್ಟಿಗೆ ಬಿಟ್ಟು ಪುಟ್ಟ ಯಂತ್ರದಲ್ಲಿಟ್ಟರೆ ಹತ್ತು ನಿಮಿಷದೊಳಗೆ ಉತ್ತರ ಸಿಗುತ್ತದೆ. ಮೆಥೊಟ್ರೆಕ್ಸೇಟ್, ಡಾಕ್ಸೊರುಬಿಸಿನ್, ಸೈಕ್ಲೋಫಾಸ್ಫಮೈಡ್‌ಗಳಂಥ ಕೆಲವು ಔಷಧಗಳಿಗೆ ಇವು ದೊರೆಯುತ್ತವೆ. ಅಮೆರಿಕದ ಔಷಧ ಮಾನಕ ಗ್ರಂಥದ 800ನೆಯ ಅಧ್ಯಾಯವು ಕನಿಷ್ಠ ಆರು ತಿಂಗಳಿಗೊಮ್ಮೆ ಇಂಥ ಒರೆಸು ಪರೀಕ್ಷೆ ಮಾಡುವುದು ಉಚಿತವೆಂದು ಹೇಳುತ್ತದೆ.

ಇವು ನಮ್ಮ ಜಿಲ್ಲೆಗಳ ಕಿಮೋಥೆರಪಿ ಕೇಂದ್ರಗಳಿಗೂ ಬರಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಕುರುಡಾಗಿ ಅಲ್ಲ. ಪಟ್ಟಿಯು ತಾನು ಬಲ್ಲ ಔಷಧವನ್ನು ಮಾತ್ರ ಹಿಡಿಯುತ್ತದೆ, ಅದೂ ಒಂದು ಪ್ರಮಾಣಕ್ಕಿಂತ ಹೆಚ್ಚಿದ್ದರೆ. ಗೆರೆ ಚೆನ್ನಾಗಿ ಬಂದಿತೆಂದು ಮೇಜು ಶುದ್ಧವೆನ್ನಲಾಗದು; ಇಷ್ಟಿದ್ದರೆ ಅಪಾಯವಿಲ್ಲ ಎಂಬ ಮಿತಿಯನ್ನು ಯಾರೂ ಖಚಿತಪಡಿಸಿಲ್ಲ. ಕೈಗವಸಿಗೋ ಪಟ್ಟಿಗೋ ಒಂದಕ್ಕೇ ಹಣವಿದ್ದರೆ ಕೈಗವಸನ್ನೇ ಕೊಳ್ಳಿರೆಂದು ಹೇಳುವವನು ನಾನು. ಪಟ್ಟಿಯ ನಿಜವಾದ ಉಪಯೋಗ ಬೇರೆ. ಸ್ಪಿರಿಟ್ಟಿನಿಂದ ಒರೆಸಿದರೆ ಕ್ರಿಮಿ ಸಾಯಬಹುದು, ಈ ಔಷಧ ನಾಶವಾಗದು. ಮೇಜಿನ ತುಂಬ ಹರಡುವುದಷ್ಟೆ. ಬ್ಲೀಚಿನ ದ್ರಾವಣವು ಅನೇಕ ಔಷಧಗಳನ್ನು ಒಡೆಯುತ್ತದೆ. ಈ ವ್ಯತ್ಯಾಸವನ್ನು ಆಯಾಗೆ ನೂರು ಸಲ ಬಾಯಲ್ಲಿ ಹೇಳುವುದಕ್ಕಿಂತ, ಅವಳೇ ಒರೆಸಿದ ಮೇಜನ್ನು ಅವಳೆದುರೇ ಪರೀಕ್ಷಿಸಿ ಒಮ್ಮೆ ತೋರಿಸಿದರೆ ಸಾಕು. ಆದರೆ ಮೇಜಿನ ಮೇಲೆ ಔಷಧ ಸಿಕ್ಕಿತೆಂದು ಹೊರಗುತ್ತಿಗೆಯ ಬಡ ಹೆಣ್ಣುಮಗಳಿಗೆ ನೋಟಿಸ್ ಕೊಡುವುದಾದರೆ ಆ ಪರೀಕ್ಷೆಯೇ ಬೇಡ. ಎರಡನೆಯ ಸಲ ಯಾರೂ ಸತ್ಯವಾದ ಜಾಗವನ್ನು ಒರೆಸಿ ತೋರಿಸುವುದಿಲ್ಲ.

ಮುಟ್ಟುವವನ ರಕ್ಷಣೆ ಆಯುರ್ವೇದಕ್ಕೆ ಹೊಸತಲ್ಲ. ಗೇರಕಾಯಿಯನ್ನು, ಅಂದರೆ ಭಲ್ಲಾತಕವನ್ನು, ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ಶೋಧಿಸುವವರು ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆ. ಇಲ್ಲವಾದರೆ ಬೊಬ್ಬೆ ಏಳುವುದು ಖಚಿತ. ಪಾರದ ಅರೆಯುವ ನಮ್ಮ ರಸಶಾಲೆಗಳಲ್ಲಿಯೂ ಮೇಜು, ನೆಲಗಳ ಪರೀಕ್ಷೆಯಾಗಬೇಕು. ಅನ್ಯರ ಮನೆಯ ಧೂಳನ್ನಷ್ಟೇ ತೋರಿಸುವುದು ನ್ಯಾಯವಲ್ಲ.

ಇನ್ನು ಮನೆಯ ಮಾತು. ಇಳಕಲ್ಲಿನ ನೇಕಾರ ಕುಟುಂಬದ ಹಿರಿಯಳೊಬ್ಬಳು ಕಿಮೋ ಮುಗಿಸಿ ಮನೆಗೆ ಬಂದಿದ್ದಳು. ನನ್ನ ಬಳಿ ಹಸಿವಿಗೆ ಔಷಧ ಕೇಳಲು ಬಂದವಳು ಅವಳ ಸೊಸೆ, ಐದು ತಿಂಗಳ ಬಸುರಿ. “ಅತ್ತಿಯವರು ರಾತ್ರಿಯೆಲ್ಲ ವಾಂತಿ ಮಾಡತಾರ್ರೀ ಡಾಕ್ಟರ್ರೇ, ಬಳದು ಬಳದು ಸಾಕಾಗೇತಿ” ಎಂದಳು. ಬರಿಗೈಯಿಂದಲೇ ಬಳಿಯುತ್ತಿದ್ದಳು. ಆಸ್ಪತ್ರೆಯಲ್ಲಿ ಯಾರೂ ಆಕೆಗೆ ಏನೂ ಹೇಳಿರಲಿಲ್ಲ. ಕಿಮೋ ಪಡೆದವರ ಮೂತ್ರ, ಮಲ, ವಾಂತಿಗಳಲ್ಲಿ ಸಾಮಾನ್ಯವಾಗಿ ಎರಡು ದಿನ, ಕೆಲವು ಔಷಧಗಳಾದರೆ ಇನ್ನೂ ಹೆಚ್ಚು ದಿನ, ಔಷಧದ ಅಂಶ ಹೊರಬರುತ್ತಿರುತ್ತದೆ. ಆ ದಿನಗಳಲ್ಲಿ ಬಸುರಿಯರೂ ಹಾಲುಣಿಸುವವರೂ ಅದನ್ನು ಮುಟ್ಟಕೂಡದು. ಬಳಿಯುವವರು ಕೈಗವಸು ಧರಿಸಬೇಕು, ತೆಗೆದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಶೌಚಾಲಯಕ್ಕೆ ಎರಡು ಸಲ ಧಾರಾಳವಾಗಿ ನೀರು ಸುರಿಯಬೇಕು. ಮೈಲಿಗೆಯಾದ ಬಟ್ಟೆಯನ್ನು ಮನೆಮಂದಿಯ ಬಟ್ಟೆಯೊಡನೆ ಸೇರಿಸದೆ ಬೇರೆಯಾಗಿಯೇ, ಎರಡು ಸಲ ಒಗೆಯಬೇಕು. ಬಾದಾಮಿಯವರು ಅದನ್ನು ಅಗಸ್ತ್ಯತೀರ್ಥದ ಮೆಟ್ಟಿಲಿಗೆ ಒಯ್ಯಬಾರದು. ಅಲ್ಲಿ ಪಕ್ಕದ ಕಲ್ಲಿನ ಮೇಲೆ ಇನ್ನೊಬ್ಬರ ಕೂಸಿನ ಬಟ್ಟೆ ಇರುತ್ತದೆ. ಹುನಗುಂದದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಗೆ ಎಣ್ಣೆ ಹೊಡೆದು ಬಂದ ದಿನ ಅಂಗಿಯನ್ನು ಹೇಗೆ ಬೇರೆ ಇಡುತ್ತಾರೋ ಇದೂ ಹಾಗೆಯೇ.

ಮಾತ್ರೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಕೀಲುವಾತಕ್ಕೆ ವಾರಕ್ಕೊಂದು ಸಲ ನುಂಗುವ ಮೆಥೊಟ್ರೆಕ್ಸೇಟ್ ಇದೇ ಗುಂಪಿನದು. ಮುದುಕರಿಗೆ ನುಂಗಲಾಗದೆಂದು ಮಸಾಲೆ ಕುಟ್ಟುವ ಕಲ್ಲಿನಲ್ಲಿ ಅದನ್ನು ಪುಡಿಮಾಡುವ ಮನೆಗಳನ್ನು ಬಲ್ಲೆ. ನುಂಗಲಾಗದಿದ್ದರೆ ವೈದ್ಯರನ್ನು ಕೇಳಿ ಬೇರೆ ರೂಪದ ಔಷಧ ಪಡೆಯಿರಿ. ಕಲ್ಲಿಗೆ ಹಾಕಬೇಡಿ.

ಇಷ್ಟನ್ನು ಓದಿ ರೋಗಿಯನ್ನು ಮೂಲೆಗೆ ಕೂಡಿಸುವವರು ಇದ್ದಾರೆಂದು ನನಗೆ ಅಂಜಿಕೆ. ಇದು ಸೂತಕವಲ್ಲ, ಶರಣರು ತಳ್ಳಿಹಾಕಿದ್ದನ್ನು ಆಸ್ಪತ್ರೆಯ ಹೆಸರಿನಲ್ಲಿ ಮತ್ತೆ ಒಳಗೆ ತರಬೇಡಿ. ಕ್ಯಾನ್ಸರ್ ಅಂಟುರೋಗವಲ್ಲ. ಜೊತೆಗೆ ಕುಳಿತು ಉಣ್ಣಬಹುದು, ಕೈ ಹಿಡಿಯಬಹುದು, ಮೊಮ್ಮಗು ಅಜ್ಜಿಯ ತೊಡೆಯ ಮೇಲೆ ಆಡಬಹುದು. ದೂರವಿಡಬೇಕಾದದ್ದು ಆ ಎರಡು ಮೂರು ದಿನಗಳ ಹೊಲಸನ್ನು ಮಾತ್ರ.

ಮನೆಗೆ ಪರೀಕ್ಷಾ ಪಟ್ಟಿ ಕೊಳ್ಳುವ ಅಗತ್ಯವಿಲ್ಲ. ಆದರೆ ಕಿಮೋಗೆ ಕರೆದೊಯ್ದಾಗ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ: ಈ ಔಷಧ ಮೈಯಿಂದ ಎಷ್ಟು ದಿನ ಹೊರಬರುತ್ತದೆ? ಮನೆಯಲ್ಲಿ ಬಳಿಯುವವರಿಗೆ ಕೈಗವಸು ಕೊಡುವಿರಾ? ಇಲ್ಲಿನ ಮೇಜು ಕುರ್ಚಿಗಳನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಮೂರನೆಯದಕ್ಕೆ ಸದ್ಯ ಉತ್ತರ ಸಿಗಲಾರದು. ಹತ್ತು ಜನ ಕೇಳಿದ ಮೇಲೆ ಸಿಗುತ್ತದೆ.